ಎಕ್ಸ್‌ಪ್ಲೋರರ್ ಬದಲು ಯಾವುದು? ಹಳೇ ಕಂಪ್ಯೂಟರಿಗೆ ಹಗುರವಾದ ಫೈಲ್ ಮ್ಯಾನೇಜರ್‌ಗಳು

ಮಂಡ್ಯದ ನೂರಡಿ ರಸ್ತೆ ಹತ್ತಿರ ನಮ್ಮ ಭಾವನ ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಅಂತಿದ್ದರೂ ಅಲ್ಲಿ ನಡೆಯುವುದು ಜಾಸ್ತಿ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಪಹಣಿ ಪ್ರಿಂಟು, ಪಾಸ್‌ಪೋರ್ಟ್ ಸೈಜ್ ಫೋಟೋ, ತಿಥಿ ಕಾರ್ಡು. ಕಂಪ್ಯೂಟರು ಹಳೇದು. 4 ಜಿಬಿ ರ್‍ಯಾಮ್, ತಿರುಗುವ ಹಾರ್ಡ್ ಡಿಸ್ಕು, ವಿಂಡೋಸ್ 10. ಮದುವೆ ಸೀಸನ್ನಿನಲ್ಲಿ ಒಂದು ಭಾನುವಾರ ಮೈಸೂರಿನಿಂದ ರೈಲು ಹತ್ತಿ ಹೋಗಿದ್ದೆ. ಭಾವ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಕೈಕಟ್ಟಿ ಕೂತಿದ್ದರು. ಮೇಲೆ ಅಡ್ರೆಸ್ ಪಟ್ಟಿಯಲ್ಲಿ ಹಸಿರು ಗೆರೆ ತೆವಳುತ್ತಿತ್ತು. ಎದುರಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಮೂರು ಜನ ನಿಂತಿದ್ದರು.

“ನೋಡಪ್ಪಾ, ಈ ಹಸ್ರು ಗೆರೆ ಆ ಕಡೆ ಮುಟ್ಟೋ ಹೊತ್ಗೆ ನಾನು ಟೀ ಕುಡ್ಕಂಡೇ ಬರ್ಬೋದು,” ಅಂದರು.

ಫೋಲ್ಡರ್ ತೆರೆದು ಫೈಲುಗಳನ್ನು ತೋರಿಸುವ, ಕಾಪಿ ಮಾಡುವ ಸಾಫ್ಟ್‌ವೇರಿಗೆ ಫೈಲ್ ಮ್ಯಾನೇಜರ್ ಅಂತಾರೆ. ವಿಂಡೋಸ್ ಜೊತೆಗೇ ಬರುವುದು ಎಕ್ಸ್‌ಪ್ಲೋರರ್. ಅವತ್ತಿನಿಂದ ಕೆಲವು ತಿಂಗಳು ಅದರ ಬದಲು ಒಂದೊಂದೇ ಫೈಲ್ ಮ್ಯಾನೇಜರ್ ಹಾಕಿ ನೋಡಿದೆ. ಅವರ ಅಂಗಡಿಯ ವಿಂಡೋಸ್‌ನಲ್ಲಿ ಕೆಲವು, ಮೈಸೂರಿನ ಮನೆಯಲ್ಲಿರುವ ನನ್ನ ಹಳೇ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ (ವಿಂಡೋಸ್ ಬದಲು ಹಾಕಿಕೊಳ್ಳುವ ಆಪರೇಟಿಂಗ್ ಸಿಸ್ಟಂ) ಕೆಲವು. ಎಲ್ಲವೂ ಓಪನ್ ಸೋರ್ಸ್ ಇರಬೇಕು, ಅಂದರೆ ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಿ ಬಳಸುವ ಹಾಗಿರಬೇಕು ಅಂತ ಹಟ ಮಾಡಿದೆ. ಅಂಗಡಿ ಅಂದಮೇಲೆ ನಾಳೆ ಲೈಸೆನ್ಸ್ ಕೇಳಿಕೊಂಡು ಬರುವ ತಾಪತ್ರಯ ಬೇಡ ಅಂತ.

ಬದಲಾಯಿಸುವ ಮೊದಲು

ಹೊಸದೊಂದನ್ನು ಹಾಕುವ ಮುಂಚೆ ಇರುವುದನ್ನೇ ಸ್ವಲ್ಪ ರಿಪೇರಿ ಮಾಡಿ. ಭಾವನ ಹಸಿರು ಗೆರೆಗೆ ಕಾರಣ ಅರ್ಧ ಅಲ್ಲೇ ಇತ್ತು. ಡೌನ್‌ಲೋಡ್ಸ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕಸ್ಟಮೈಸ್ ಅನ್ನೋ ಟ್ಯಾಬ್ ನೋಡಿ. ಅಲ್ಲಿ ಆ ಫೋಲ್ಡರ್ ಯಾವ ಬಗೆಯದು ಅಂತ ಇರುತ್ತದೆ. ಪಿಕ್ಚರ್ಸ್ ಅಂತಲೋ ಮ್ಯೂಸಿಕ್ ಅಂತಲೋ ಇದ್ದರೆ ಎಕ್ಸ್‌ಪ್ಲೋರರ್ ಪ್ರತಿ ಫೈಲಿನ ಒಳಗೂ ಇಣುಕಿ ನೋಡುತ್ತದೆ. ಜನರಲ್ ಐಟಮ್ಸ್ ಅಂತ ಬದಲಾಯಿಸಿದರೆ ಸುಮ್ಮನೆ ಹೆಸರುಗಳನ್ನು ತೋರಿಸಿಬಿಡುತ್ತದೆ. ಜೊತೆಗೆ ತಂಬ್‌ನೇಲ್ (ಫೈಲಿನ ಪುಟ್ಟ ಚಿತ್ರ) ಆಫ್ ಮಾಡಿ, ಎಕ್ಸ್‌ಪ್ಲೋರರ್ ತೆರೆದ ಕೂಡಲೇ ‘ದಿಸ್ ಪಿಸಿ’ಗೆ ಹೋಗುವ ಹಾಗೆ ಇಟ್ಟುಕೊಳ್ಳಿ. ಇಷ್ಟಕ್ಕೇ ನಿಮ್ಮ ಕೆಲಸ ಆದರೆ ಮುಂದಿನದು ಓದುವುದೇ ಬೇಡ.

ಇನ್ನೊಂದು ಮಾತು. ದುಡ್ಡು ಖರ್ಚು ಮಾಡಲು ತಯಾರಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕು) ಹಾಕಿಸಿ. ಅದರಿಂದ ಆಗುವ ವ್ಯತ್ಯಾಸ ಯಾವ ಸಾಫ್ಟ್‌ವೇರಿನಿಂದಲೂ ಆಗುವುದಿಲ್ಲ. ಭಾವನಿಗೂ ಇದನ್ನೇ ಹೇಳಿದೆ. “ಸೀಸನ್ ಮುಗೀಲಿ” ಅಂದರು. ಸೀಸನ್ ಮುಗಿದು ಆಷಾಢ ಬಂತು, ಎಸ್‌ಎಸ್‌ಡಿ ಇನ್ನೂ ಬಂದಿಲ್ಲ.

ಯಾವುದಕ್ಕೆ ಹಗುರ?

ಹಗುರ ಅನ್ನೋ ಮಾತಲ್ಲೇ ಒಂದು ಗೊಂದಲ ಇದೆ. ವಿಂಡೋಸ್‌ನಲ್ಲಿ ಎಕ್ಸ್‌ಪ್ಲೋರರನ್ನು ಕಿತ್ತು ಹಾಕೋಕೆ ಆಗಲ್ಲ. ಕೆಳಗಿನ ಟಾಸ್ಕ್‌ಬಾರು, ಡೆಸ್ಕ್‌ಟಾಪಿನ ಐಕಾನುಗಳು ಎಲ್ಲ ಅದರದ್ದೇ ಕೆಲಸ. ನೀವು ಬೇರೆ ಫೈಲ್ ಮ್ಯಾನೇಜರ್ ಹಾಕಿದರೆ ಅದು ಎಕ್ಸ್‌ಪ್ಲೋರರಿನ ಜೊತೆಗೆ ಇನ್ನೊಂದಾಗಿ ಓಡುತ್ತದೆ. ಅಂದರೆ ರ್‍ಯಾಮ್ ಲೆಕ್ಕದಲ್ಲಿ ಉಳಿತಾಯ ಏನೂ ಇಲ್ಲ, ಸ್ವಲ್ಪ ಜಾಸ್ತಿಯೇ ಖರ್ಚು.

ಹಾಗಾದರೆ ಯಾಕೆ ಹಾಕಬೇಕು? ಕೈಗೆ ಹಗುರ ಆಗಲಿ ಅಂತ. ಭಾವ ದಿನಕ್ಕೆ ಎಷ್ಟೋ ಸಲ ಪೆನ್‌ಡ್ರೈವ್ ತೆರೆದು, ಕಾಪಿ ಮಾಡಿ, ಆ ಕಿಟಕಿ ಕೆಳಗಿಳಿಸಿ, ಇನ್ನೊಂದು ಕಿಟಕಿ ಮೇಲೆತ್ತಿ, ಪೇಸ್ಟ್ ಮಾಡುತ್ತಿದ್ದರು. ಅದೇ ಕೆಲಸ ಒಂದು ಕೀ ಒತ್ತಿದರೆ ಆಗುವ ಹಾಗಿದ್ದರೆ ಅದೇ ನಿಜವಾದ ಹಗುರ ಅಲ್ವಾ? ಲಿನಕ್ಸ್‌ನಲ್ಲಿ ಕಥೆ ಬೇರೆ. ಅಲ್ಲಿ ಎರಡೂ ಥರ ಹಗುರ ಮಾಡಿಕೊಳ್ಳಬಹುದು. ಅದಕ್ಕೆ ಆಮೇಲೆ ಬರೋಣ.

ಓಪನ್ ಸೋರ್ಸ್ ಅಂದರೆ ಹಗುರ ಅಂತ ಕಣ್ಣುಮುಚ್ಚಿ ನಂಬಬೇಡಿ. ಹಾಗೆಯೇ ಪುಕ್ಕಟೆ ಅಂದರೆ ಓಪನ್ ಸೋರ್ಸ್ ಅಂತಲೂ ಅಲ್ಲ. ಫ್ರೀಕಮಾಂಡರ್ ಪುಕ್ಕಟೆ ಸಿಗುತ್ತದೆ, ಆದರೆ ಅದರ ಸೋರ್ಸ್ ಕೋಡ್ ಯಾರಿಗೂ ಸಿಗಲ್ಲ. 1993ರಿಂದ ಇರುವ ಟೋಟಲ್ ಕಮಾಂಡರ್ ಒಳ್ಳೆಯ ಸಾಫ್ಟ್‌ವೇರೇ, ಆದರೆ ಬಳಸಿ ನೋಡಿ ಆಮೇಲೆ ದುಡ್ಡು ಕಟ್ಟಬೇಕಾದದ್ದು. ಇವೆರಡನ್ನೂ ಪಕ್ಕಕ್ಕಿಟ್ಟೆ.

ವಿಂಡೋಸ್‌ನವರಿಗೆ

ಎಕ್ಸ್‌ಪ್ಲೋರರ್ ಅಭ್ಯಾಸ ಬಿಡೋಕೆ ಇಷ್ಟ ಇಲ್ಲದವರಿಗೆ ಎಕ್ಸ್‌ಪ್ಲೋರರ್ ಪ್ಲಸ್ ಪ್ಲಸ್ ಸರಿ. ನೋಡೋಕೆ ಹೆಚ್ಚುಕಡಿಮೆ ಹಳೇ ಎಕ್ಸ್‌ಪ್ಲೋರರ್ ಥರವೇ ಇದೆ, ಜೊತೆಗೆ ಟ್ಯಾಬುಗಳಿವೆ. ಮೈಕ್ರೋಸಾಫ್ಟ್‌ನ ಎಕ್ಸ್‌ಪ್ಲೋರರಿಗೆ ಟ್ಯಾಬ್ ಬಂದಿದ್ದು 2022ರಲ್ಲಿ, ಅದೂ ವಿಂಡೋಸ್ 11ಕ್ಕೆ ಮಾತ್ರ. ಹಾಗಾಗಿ 10ರಲ್ಲಿ ಉಳಿದವರಿಗೆ ಇದು ಉಪಯೋಗ. ಇನ್‌ಸ್ಟಾಲ್ ಮಾಡೋದೂ ಬೇಡ. ಚಿಕ್ಕ ಫೈಲು, ಡಬಲ್ ಕ್ಲಿಕ್ ಮಾಡಿದರೆ ಓಡುತ್ತದೆ, ಪೆನ್‌ಡ್ರೈವಿನಲ್ಲೇ ಇಟ್ಟುಕೊಂಡು ತಿರುಗಬಹುದು. ಫೋಲ್ಡರ್ ಮೇಲೆ ಕ್ಲಿಕ್ ಮಾಡಿದಾಗ ಎಕ್ಸ್‌ಪ್ಲೋರರ್ ಬದಲು ತಾನೇ ತೆರೆದುಕೊಳ್ಳುವಂತೆ ಮಾಡುವ ಸೆಟ್ಟಿಂಗೂ ಒಳಗಿದೆ. ಹಲವು ವರ್ಷ ಇದರ ಕೆಲಸ ನಿಂತ ಹಾಗಿತ್ತು, ಆಮೇಲೆ ಮತ್ತೆ ಹೊಸ ಆವೃತ್ತಿಗಳು ಬಂದವು. ಭಾವನಿಗೆ ಮೊದಲು ಇದನ್ನೇ ಹಾಕಿಕೊಟ್ಟೆ. ಎರಡು ದಿನ ಆದಮೇಲೆ ಕೇಳಿದರೆ, “ಇದೂ ಅದೇ ಅಲ್ವೇನಪ್ಪ” ಅಂದರು. ಅದು ಬೈಗುಳವೂ ಹೌದು, ಹೊಗಳಿಕೆಯೂ ಹೌದು.

ಫೈಲ್ಸ್ ಅಂತಲೇ ಹೆಸರಿರುವ ಇನ್ನೊಂದಿದೆ. ನೋಡೋಕೆ ಇದರಷ್ಟು ಚೆಂದ ಯಾವುದೂ ಇಲ್ಲ. ಟ್ಯಾಬು, ಎರಡು ಭಾಗ, ಫೈಲಿಗೆ ಬಣ್ಣದ ಟ್ಯಾಗು ಎಲ್ಲ ಉಂಟು. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಇದಕ್ಕೆ ದುಡ್ಡು ಕೇಳುತ್ತಾರೆ, ಅವರದೇ ವೆಬ್‌ಸೈಟಿನಲ್ಲಿ ಪುಕ್ಕಟೆ. ಆದರೆ ಹಳೇ ಕಂಪ್ಯೂಟರಿಗೆ ಇದು ಆಗಿಬರಲ್ಲ. ಭಾವನ ಮಷೀನಿನಲ್ಲಿ ಎಕ್ಸ್‌ಪ್ಲೋರರಿಗಿಂತಲೂ ನಿಧಾನವಾಗಿ ತೆರೆಯಿತು. ಹೊಸ ಲ್ಯಾಪ್‌ಟಾಪ್ ಇದ್ದವರು ಬೇಕಾದರೆ ನೋಡಿ.

ಹಗುರ ಅಂದರೆ ಅಕ್ಷರಶಃ ಹಗುರ ಬೇಕೇ? ಹಾಗಿದ್ದರೆ ವಿನ್‌ಫೈಲ್ ಇದೆ. 1990ರ ವಿಂಡೋಸ್ 3.0 ಜೊತೆ ಬಂದ ಫೈಲ್ ಮ್ಯಾನೇಜರ್ ಅದು. 2018ರಲ್ಲಿ ಮೈಕ್ರೋಸಾಫ್ಟೇ ಅದರ ಸೋರ್ಸ್ ಕೋಡನ್ನು ಓಪನ್ ಮಾಡಿತು, ಈಗಿನ ವಿಂಡೋಸ್‌ನಲ್ಲೂ ಓಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲದವರಿಗೆ ಒಂದು ಸಲ ನೋಡೋಕೆ ಮಜಾ. ದಿನದ ಕೆಲಸಕ್ಕೆ ನಾನಂತೂ ಹೇಳಲ್ಲ.

ನಿಂತಿದ್ದು ಡಬಲ್ ಕಮಾಂಡರ್

ಕೊನೆಗೆ ಅಂಗಡಿಯಲ್ಲಿ ಉಳಿದದ್ದು ಡಬಲ್ ಕಮಾಂಡರ್. ತೆರೆದ ಕೂಡಲೇ ಪರದೆ ಎಡ, ಬಲ ಎರಡು ಭಾಗ ಆಗುತ್ತದೆ. ಎಡಕ್ಕೆ ಗಿರಾಕಿಯ ಪೆನ್‌ಡ್ರೈವ್, ಬಲಕ್ಕೆ ಅಂಗಡಿಯ ಫೋಲ್ಡರ್. ಎಡಗಡೆ ಫೈಲಿನ ಮೇಲೆ ನಿಂತು ಎಫ್5 ಒತ್ತಿದರೆ ಬಲಕ್ಕೆ ಕಾಪಿ. ಅಷ್ಟೇ. ಎಫ್3 ಒತ್ತಿದರೆ ಫೈಲಿನ ಒಳಗೇನಿದೆ ಅಂತ ಅಲ್ಲೇ ತೋರಿಸುತ್ತದೆ. ಎಫ್7 ಹೊಸ ಫೋಲ್ಡರ್, ಎಫ್8 ಡಿಲೀಟ್. ಟ್ಯಾಬ್ ಕೀ ಒತ್ತಿದರೆ ಈ ಕಡೆಯಿಂದ ಆ ಕಡೆಗೆ. ಈ ವ್ಯವಸ್ಥೆ ನಿನ್ನೆಮೊನ್ನೆಯದಲ್ಲ. 1986ರಲ್ಲಿ ಡಾಸ್ ಕಂಪ್ಯೂಟರುಗಳಿಗೆ ಬಂದ ನಾರ್ಟನ್ ಕಮಾಂಡರಿನಿಂದ ಹಿಡಿದು ಇವತ್ತಿನವರೆಗೂ ಇದೇ ಕೀಗಳು ನಡೆದುಕೊಂಡು ಬಂದಿವೆ. ಒಂದು ಸಲ ಬೆರಳಿಗೆ ಕೂತರೆ ಸಾಕು, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲಿ ಹೋದರೂ ಇದೇ ಡಬಲ್ ಕಮಾಂಡರ್ ಸಿಗುತ್ತದೆ.

ಆದರೆ ಮೊದಲ ನೋಟಕ್ಕೆ ಹೆದರಿಸುತ್ತದೆ. ಮೇಲೆ ತುಂಬ ಬಟನ್ನು, ಕೆಳಗೆ ಕಪ್ಪು ಪಟ್ಟಿ. ವೀಕ್ಷಣೆಗೆ ಬಂದ ಅಕ್ಕ “ಇದೇನು ವಿಮಾನ ಓಡಿಸ್ತೀರಾ?” ಅಂತ ನಕ್ಕಳು. ಸೆಟ್ಟಿಂಗಿನಲ್ಲಿ ಬೇಡದ ಪಟ್ಟಿಗಳನ್ನೆಲ್ಲ ತೆಗೆದು, ಅಕ್ಷರ ದೊಡ್ಡದು ಮಾಡಿದ ಮೇಲೆ ಭಾವನಿಗೆ ಧೈರ್ಯ ಬಂತು.

ಅವರು ಮನಸೋತಿದ್ದು ರೀನೇಮ್‌ಗೆ. ಮದುವೆ ಫೋಟೋಗಳು ಕ್ಯಾಮೆರಾದಿಂದ ಅದೇನೇನೋ ನಂಬರು ಹೊತ್ತು ಬರುತ್ತವೆ. ಎಲ್ಲವನ್ನೂ ಆರಿಸಿ ಕಂಟ್ರೋಲ್ ಜೊತೆ ಎಂ ಒತ್ತಿದರೆ ಒಂದು ಕಿಟಕಿ ಬರುತ್ತದೆ. ಅಲ್ಲಿ ‘ಮದ್ದೂರು ಮದುವೆ’ ಅಂತ ಬರೆದು ಪಕ್ಕದಲ್ಲಿ ಚೌಕ ಕಂಸದೊಳಗೆ ಇಂಗ್ಲಿಷಿನ ಸಿ ಅಕ್ಷರ ಹಾಕಿದರೆ, ಪ್ರತಿ ಫೋಟೋಗೂ 1, 2, 3 ಅಂತ ತಾನೇ ನಂಬರು ಹಚ್ಚುತ್ತದೆ. ಹಳೇ ಹೆಸರು, ಹೊಸ ಹೆಸರು ಅಕ್ಕಪಕ್ಕ ತೋರಿಸುತ್ತದೆ, ಸರಿ ಅನ್ನಿಸಿದರೆ ಮಾತ್ರ ಮುಂದಕ್ಕೆ. “ಇದೊಂದ್ ಸಾಕು ಕಣಪ್ಪ” ಅಂದರು ಭಾವ. ನಿಮಗೂ ಇದೊಂದೇ ಸಾಕು ಅನ್ನಿಸಿದರೆ ಫೈಲ್ ಮ್ಯಾನೇಜರ್ ಬದಲಾಯಿಸುವುದೇ ಬೇಡ. ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಅನ್ನೋ ಓಪನ್ ಸೋರ್ಸ್ ಕಟ್ಟಿನಲ್ಲಿ ಪವರ್‌ರೀನೇಮ್ ಇದೆ. ಅದು ಎಕ್ಸ್‌ಪ್ಲೋರರಿನ ರೈಟ್ ಕ್ಲಿಕ್ಕಿನಲ್ಲೇ ಸಿಗುತ್ತದೆ.

ಈಗ ನನ್ನ ತಪ್ಪು. ಎಫ್5 ಕಾಪಿ, ಪಕ್ಕದ ಎಫ್6 ಮೂವ್. ಒಂದು ಸಂಜೆ ಯಾರದೋ ನಿಶ್ಚಿತಾರ್ಥದ ಮೆಮೊರಿ ಕಾರ್ಡಿನಿಂದ ಫೋಟೋ ಇಳಿಸುತ್ತ ಅವಸರದಲ್ಲಿ ಎಫ್6 ಒತ್ತಿದ್ದೆ. ಅರ್ಧಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತಂತೆ. ಕರೆಂಟ್ ಬಂದಮೇಲೆ ನೋಡಿದರೆ ಕೆಲವು ಫೋಟೋ ಕಾರ್ಡಿನಲ್ಲಿ, ಕೆಲವು ಕಂಪ್ಯೂಟರಿನಲ್ಲಿ, ಒಂದು ಮಾತ್ರ ಅರ್ಧ ಬಂದು ಕೆಳಗೆಲ್ಲ ಬೂದು ಬಣ್ಣ. ಪುಣ್ಯಕ್ಕೆ ಮೂಲ ಫೋಟೋ ಕಾರ್ಡಿನಲ್ಲೇ ಇತ್ತು. ಆದರೂ ಆ ಹದಿನೈದು ನಿಮಿಷ ನನ್ನ ಕೈ ತಣ್ಣಗಾಗಿತ್ತು. ಗಿರಾಕಿಯ ಸಾಮಾನಿನ ಮೇಲೆ ಯಾವತ್ತೂ ಮೂವ್ ಬೇಡ. ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಬೇಕಾದರೆ ಅಳಿಸಿ. ತುಂಬ ಫೈಲ್ ಇದ್ದರೆ ಡಬಲ್ ಕಮಾಂಡರಿನಲ್ಲೇ ಎರಡು ಫೋಲ್ಡರುಗಳನ್ನು ಹೋಲಿಸಿ ನೋಡುವ ಸಿಂಕ್ರೊನೈಸ್ ಇದೆ. ಯಾವುದು ಬಂದಿಲ್ಲ ಅಂತ ಅದೇ ಪಟ್ಟಿ ಕೊಡುತ್ತದೆ.

ಕೇಬಲ್ಲಿನಲ್ಲಿ ಫೋನ್ ಸಿಕ್ಕಿಸಿದಾಗ ಮಾತ್ರ ನಾನು ಎಕ್ಸ್‌ಪ್ಲೋರರಿಗೇ ಹೋಗುತ್ತೇನೆ. ಫೋನಿಗೆ ಪೆನ್‌ಡ್ರೈವಿನ ಹಾಗೆ ಡ್ರೈವ್ ಅಕ್ಷರ ಬರುವುದಿಲ್ಲ. ಅದಕ್ಕೋಸ್ಕರ ಒದ್ದಾಡುವುದಕ್ಕಿಂತ ಅದರ ದಾರಿಯಲ್ಲೇ ಹೋಗೋದು ಸಲೀಸು.

ಕನ್ನಡ ಹೆಸರಿನ ಫೈಲುಗಳು

ಹೋಲಿಕೆ ಮಾಡುವಾಗ ಸಾಮಾನ್ಯವಾಗಿ ಯಾರೂ ನೋಡದ ವಿಷಯ ಇದು. ನಮಗೆ ಮಾತ್ರ ದಿನಾ ಎದುರಾಗುತ್ತದೆ.

ಅಂಗಡಿಯಲ್ಲಿ ಒಂದೇ ಫೋಲ್ಡರಿನೊಳಗೆ ‘ಸುರೇಶ್’ ಅನ್ನೋ ಹೆಸರಿನ ಎರಡು ಫೈಲುಗಳಿದ್ದವು. ಎರಡೂ ಒಂದೇ ಬಗೆಯ ಫೈಲು, ಅಕ್ಷರಕ್ಕೆ ಅಕ್ಷರ ಒಂದೇ. ಹಾಗಿರೋಕೆ ಸಾಧ್ಯವೇ ಇಲ್ಲ ಅಲ್ವಾ? ವಿಷಯ ಏನಂದರೆ, ಒಂದರ ಕೊನೆಯ ಶ್ ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿತ್ತು. ಒತ್ತಕ್ಷರ ಆಗದ ಹಾಗೆ ತಡೆಯೋಕೆ ನಾವು ಟೈಪ್ ಮಾಡುವಾಗ ಸೇರಿಕೊಳ್ಳುತ್ತದಲ್ಲ, ಅದೇ. ಕಂಪ್ಯೂಟರಿಗೆ ಅವೆರಡು ಬೇರೆ ಬೇರೆ ಹೆಸರು. ಒಂದು ಥರ ಟೈಪ್ ಮಾಡಿ ಹುಡುಕಿದರೆ ಇನ್ನೊಂದು ತಪ್ಪಿಸಿಕೊಳ್ಳಬಹುದು. ಅದಕ್ಕೆ ಹುಡುಕುವಾಗ ಪೂರ್ತಿ ಹೆಸರು ಕೊಡಬೇಡಿ. ‘ಸುರೇ’ ಅಂತ ಅರ್ಧಕ್ಕೆ ನಿಲ್ಲಿಸಿ ಹುಡುಕಿದರೆ ಎರಡೂ ಸಿಗುತ್ತವೆ.

ಕನ್ನಡ ಟೈಪ್ ಮಾಡುವ ನುಡಿ, ಬರಹ ಸಾಫ್ಟ್‌ವೇರುಗಳ ಹಳೇ ಫೈಲುಗಳದ್ದು ಇನ್ನೊಂದು ರಾಮಾಯಣ. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆ) ಬರುವ ಮೊದಲು ಟೈಪ್ ಮಾಡಿದ ಪತ್ರಿಕೆಗಳಲ್ಲಿ ಕನ್ನಡ ಕಾಣುವುದು ಫಾಂಟಿನ ದೆಸೆಯಿಂದ. ಒಳಗಿರುವುದು ಇಂಗ್ಲಿಷ್ ಕೀಲಿಗಳ ಚಿತ್ರವಿಚಿತ್ರ ಗುರುತುಗಳು. ಫೈಲಿನ ಒಳಗೆ ‘ಮಂಡ್ಯ’ ಅಂತ ಹುಡುಕಿದರೆ ಯಾವ ಫೈಲ್ ಮ್ಯಾನೇಜರೂ ಅವನ್ನು ಹಿಡಿಯಲ್ಲ. ತಪ್ಪು ಅದರದ್ದಲ್ಲ. ಯೂನಿಕೋಡಿಗೆ ಪರಿವರ್ತನೆ ಮಾಡಿಟ್ಟುಕೊಂಡರೆ ಮಾತ್ರ ದಾರಿ.

ಮೂರನೆಯದು ಹೆಸರಿನ ಉದ್ದ. ಲಗ್ನಪತ್ರಿಕೆ ಫೈಲಿಗೆ ಭಾವ ವಧು, ವರ, ಊರು, ದಿನಾಂಕ, ಛತ್ರ ಎಲ್ಲ ಸೇರಿಸಿ ಹೆಸರಿಡುತ್ತಾರೆ. ಪತ್ರಿಕೆ ತೆರೆಯುವುದೇ ಬೇಡ, ಹೆಸರಲ್ಲೇ ಮದುವೆ ಮುಗಿಯುತ್ತದೆ. ವಿಂಡೋಸ್ ಇದನ್ನು ತಾಳಿಕೊಳ್ಳುತ್ತದೆ. ಅದೇ ಫೈಲನ್ನು ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಲು ಹೋದರೆ ಹೆಸರು ಉದ್ದ ಆಯಿತು ಅಂತ ಕೈ ಎತ್ತಿಬಿಟ್ಟಿತು. ಲಿನಕ್ಸ್‌ನ ಎಕ್ಸ್‌ಟಿ4 ಅನ್ನೋ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ಕಾಗುಣಿತ, ಒತ್ತು ಎಲ್ಲ ಪ್ರತ್ಯೇಕ ಲೆಕ್ಕ. ‘ಮೈಸೂರು’ ಅಂದರೆ ನಮಗೆ ಮೂರು ಅಕ್ಷರ, ಅದಕ್ಕೆ ಆರು ಗುರುತು, 18 ಬೈಟ್. ‘ಶ್ರೀ’ ಒಂದಕ್ಕೇ 12. ಒಟ್ಟು 85 ಗುರುತು ದಾಟಿದರೆ ಆ ಹೆಸರು ಹೋಗಲ್ಲ. ಲಿನಕ್ಸ್‌ಗೆ ಹೋಗುವ ಯೋಚನೆ ಇದ್ದರೆ ಮೊದಲೇ ಹೆಸರುಗಳನ್ನು ಮೊಟಕು ಮಾಡಿಕೊಳ್ಳಿ.

ಲಿನಕ್ಸ್‌ನವರಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಳ್ಳುವವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಅವರಿಬ್ಬರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಫೈಲ್ ಮ್ಯಾನೇಜರ್ ಯಾವುದು ಅಂತ. ನನ್ನ ಉತ್ತರವೂ ಒಂದೇ: ಥುನಾರ್.

ಅದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನದು. ಲಿನಕ್ಸ್‌ನಲ್ಲಿ ಮೆನು, ಕಿಟಕಿ, ಐಕಾನು ನೋಡಿಕೊಳ್ಳುವ ಕಟ್ಟಿಗೆ ಡೆಸ್ಕ್‌ಟಾಪ್ ಅಂತಾರೆ, ಅಂಥವು ಹಲವಿವೆ. ಲಿನಕ್ಸ್ ಬಗೆಗಳಲ್ಲಿ ಕ್ಸುಬುಂಟು ಹಾಕಿದರೂ, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದರೂ ಅದೇ ಬರುತ್ತದೆ. ಬೇಗ ತೆರೆಯುತ್ತದೆ, ಗಲಾಟೆ ಇಲ್ಲ. ಹಲವು ಫೈಲು ಆರಿಸಿ ಎಫ್2 ಒತ್ತಿದರೆ ಸಾಮೂಹಿಕ ರೀನೇಮ್. 2022ರ ಕೊನೆಗೆ ಬಂದ 4.18ರಿಂದ ಎಫ್3 ಒತ್ತಿದರೆ ಪರದೆ ಎರಡು ಭಾಗವೂ ಆಗುತ್ತದೆ. ರೈಟ್ ಕ್ಲಿಕ್ ಪಟ್ಟಿಗೆ ನಮಗೆ ಬೇಕಾದ ಕೆಲಸವನ್ನು ನಾವೇ ಸೇರಿಸಿಕೊಳ್ಳಬಹುದು. ನಾನು ಫೋಟೋ ಸಣ್ಣದು ಮಾಡುವ ಒಂದು ಆಜ್ಞೆ ಸೇರಿಸಿಕೊಂಡಿದ್ದೇನೆ. ಅರ್ಜಿ ತುಂಬುವಾಗ ಇಷ್ಟು ಕೆಬಿ ಒಳಗಿರಬೇಕು ಅಂತ ಕಾಟ ಕೊಡ್ತಾರಲ್ಲ, ಅದಕ್ಕೆ. ಬೇರೆ ಡೆಸ್ಕ್‌ಟಾಪಿನಲ್ಲಿ ಥುನಾರ್ ಒಂದನ್ನೇ ಹಾಕಿಕೊಳ್ಳುವವರು ಜಿವಿಎಫ್‌ಎಸ್ ಅನ್ನೋ ಹಿನ್ನೆಲೆಯ ಸಾಫ್ಟ್‌ವೇರ್ ಇದೆಯೇ ನೋಡಿಕೊಳ್ಳಿ. ಅದಿಲ್ಲದಿದ್ದರೆ ಕಸದ ಬುಟ್ಟಿಯೂ ಇರಲ್ಲ, ಫೋನೂ ಕಾಣಲ್ಲ.

ಇನ್ನೂ ಹಗುರ ಬೇಕಾದರೆ ಪಿಸಿಮ್ಯಾನ್‌ಎಫ್‌ಎಂ. ರಾಸ್ಪ್‌ಬೆರಿ ಪೈ ಥರದ ಪುಟ್ಟ ಕಂಪ್ಯೂಟರಿನಲ್ಲೂ ಇದೇ ಇರುವುದು ಅಂದರೆ ಲೆಕ್ಕ ಹಾಕಿ. ಲುಬುಂಟು ಅನ್ನೋ ಲಿನಕ್ಸ್‌ನಲ್ಲಿ ಇರುವುದು ಇದರದೇ ಇನ್ನೊಂದು ಆವೃತ್ತಿ, ಪಿಸಿಮ್ಯಾನ್‌ಎಫ್‌ಎಂ-ಕ್ಯೂಟಿ. 2 ಜಿಬಿ ರ್‍ಯಾಮಿನ ಮಷೀನಿದ್ದರೆ ಇದನ್ನೇ ತೆಗೆದುಕೊಳ್ಳಿ. ಸೌಲಭ್ಯ ಕಮ್ಮಿ, ಅದರ ಕೊರಗು ಬೇಡ.

ನೀಮೋ ನನಗೆ ತುಂಬ ಇಷ್ಟ. ಉಬುಂಟು ಜೊತೆ ಬರುವ ನಾಟಿಲಸ್ ಫೈಲ್ ಮ್ಯಾನೇಜರಿನಲ್ಲಿ ಒಂದು ಕಾಲಕ್ಕೆ ಎರಡು ಭಾಗ ಮಾಡುವ ಸೌಲಭ್ಯ ಇತ್ತು. 2012ರಲ್ಲಿ ಅದರ 3.6 ಆವೃತ್ತಿ ಬಂದಾಗ ಅದನ್ನು ತೆಗೆದರು. ಲಿನಕ್ಸ್ ಮಿಂಟ್‌ನವರಿಗೆ ಸಿಟ್ಟು ಬಂದು ಅದರ ಹಿಂದಿನ ಆವೃತ್ತಿಯಿಂದಲೇ ನೀಮೋ ಕವಲೊಡೆಸಿದರು. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪಿನಲ್ಲಿ ಅದು ಮನೆಮಗ. ಬೇರೆ ಕಡೆ ಹಾಕಿದರೆ ತನಗೆ ಬೇಕಾದ ಬೇರೆ ಸಾಫ್ಟ್‌ವೇರುಗಳ ಬಳಗವನ್ನೆಲ್ಲ ಕರೆದುಕೊಂಡು ಬರುತ್ತದೆ, ಆಮೇಲೆ ಹಗುರ ಅನ್ನೋ ಮಾತು ಎಲ್ಲಿ ಬಂತು? ಕೆಡಿಇ ಡೆಸ್ಕ್‌ಟಾಪ್ ಇಲ್ಲದ ಕಡೆ ಅದರ ಫೈಲ್ ಮ್ಯಾನೇಜರ್ ಡಾಲ್ಫಿನ್ ಹಾಕಿದರೂ ಇದೇ ಕಥೆ.

ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯ ಟರ್ಮಿನಲ್ಲಿನೊಳಗೇ ಓಡುವವೂ ಇವೆ. 1994ರಿಂದ ಇರುವ ಮಿಡ್‌ನೈಟ್ ಕಮಾಂಡರ್ ಎರಡು ಭಾಗದ್ದು. ಎನ್‌ಎನ್‌ಎನ್ ಅನ್ನುವುದು ಇವೆಲ್ಲದರಲ್ಲಿ ಅತಿ ಪುಟ್ಟದು. ಕೀಬೋರ್ಡು ಬಿಟ್ಟು ಕೈ ಎತ್ತದವರಿಗೆ ಇವು ಹಬ್ಬ. ಆದರೆ ಬಹಳಷ್ಟು ಟರ್ಮಿನಲ್‌ಗಳಲ್ಲಿ ಕನ್ನಡ ಸರಿಯಾಗಿ ಕೂರಲ್ಲ. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ, ‘ಮಂಡ್ಯ’ ಅಂತಿರುವುದು ಬಿಡಿಬಿಡಿ ಆಗಿ ಕಾಣುತ್ತದೆ. ಫೈಲಿನ ಹೆಸರೆಲ್ಲ ಇಂಗ್ಲಿಷಿನಲ್ಲಿ ಇಡುವವರಿಗೆ ತೊಂದರೆಯಿಲ್ಲ, ನಮ್ಮ ಭಾವನಂಥವರಿಗೆ ಬೇಡವೇ ಬೇಡ.

ಹಾಕುವಾಗ

ಯಾವುದನ್ನೇ ಇಳಿಸಿಕೊಳ್ಳಿ, ಆಯಾ ಸಾಫ್ಟ್‌ವೇರಿನ ಸ್ವಂತ ಸೈಟಿನಿಂದ ಅಥವಾ ಅದು ಕೊಡುವ ಗಿಟ್‌ಹಬ್ (ಸೋರ್ಸ್ ಕೋಡ್ ಇಡುವ ತಾಣ) ಪುಟದಿಂದಲೇ ಇಳಿಸಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ. ಲಿನಕ್ಸ್‌ನಲ್ಲಾದರೆ ಸಾಫ್ಟ್‌ವೇರ್ ಮಳಿಗೆಯಲ್ಲೇ ಸಿಗುತ್ತವೆ. ಮೊದಲ ವಾರ ಡೀಫಾಲ್ಟ್ (ಫೋಲ್ಡರ್ ಒತ್ತಿದಾಗ ತಾನಾಗಿ ತೆರೆಯುವುದು) ಬದಲಾಯಿಸುವುದು ಬೇಡ, ಪಕ್ಕದಲ್ಲಿ ಇಟ್ಟುಕೊಂಡು ಬಳಸಿ. ಡಬಲ್ ಕಮಾಂಡರಿಗೆ ಇನ್‌ಸ್ಟಾಲ್ ಬೇಡದ ಪೋರ್ಟಬಲ್ ಆವೃತ್ತಿ ಇದೆ. ಇಷ್ಟ ಆಗದಿದ್ದರೆ ಆ ಫೋಲ್ಡರ್ ಅಳಿಸಿದರೆ ಮುಗಿಯಿತು.

ಹೋದ ವಾರ ಅಂಗಡಿಗೆ ಹೋದಾಗ ಕೀಬೋರ್ಡ್ ನೋಡಿ ನಗು ಬಂತು. ಎಫ್5 ಮೇಲೆ ಲಗ್ನಪತ್ರಿಕೆಯ ಅಂಚಿನಿಂದ ಕತ್ತರಿಸಿದ ಅರಿಶಿನ ಬಣ್ಣದ ಚೂರು ಅಂಟಿಸಿದ್ದಾರೆ. ಎಫ್6 ಕೀಯನ್ನು ಮಾತ್ರ ಕಿತ್ತು ಡ್ರಾಯರಿಗೆ ಹಾಕಿದ್ದಾರೆ.